ಕಂಪ್ಯೂಟರಿನಲ್ಲಿ ತುಂಬಿದ ಕೆರೆ

ಬೆಳಗಿನ ಐದೂಕಾಲು. ಔರಾದ ತಾಲ್ಲೂಕಿನ ಎಕಂಬಾದಲ್ಲಿ, ಮೂರನೇ ಓಣಿಯ ತಿರುವಿನಲ್ಲಿ ಅನುಸೂಯಾಬಾಯಿ ನೆಲದ ಮಾತು ಕೇಳುತ್ತಿದ್ದಾರೆ. ಸೊಂಟದುದ್ದದ ಕಬ್ಬಿಣದ ಕೀಲಿಯ ಒಂದು ತುದಿಯನ್ನು ಗುಂಡಿಯೊಳಗಿನ ವಾಲ್ವಿಗೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ ಬಗ್ಗಿ ನಿಂತಿದ್ದಾರೆ. ಹಿಂದೆ ನಲವತ್ತು ಕೊಡಗಳ ಸಾಲು. ಆ ಕೊಡಗಳ ಹಿಂದೆ ನಲವತ್ತು ಬಾಯಿಗಳು, ಎಲ್ಲವೂ ಬಂದ್. ಬಾಯಿ ಕಿವಿಗೊಟ್ಟಾಗ ಯಾರೂ ಬಾಯಿ ಬಿಡಬಾರದು ಎಂಬುದು ಈ ಓಣಿಯ ಕಾಯ್ದೆ.

“ಗಾಳಿ ಇದ್ರ ಸೀಟಿ ಹೊಡೀತದ್ರಿ, ಉಡಾಳ ಪೋರನಂಗ. ನೀರು ಬಂದ್ರ ಗುನುಗ್ತದ. ಹೆಣ್ಮಕ್ಕಳು ಜ್ವಾಳಾ ಬೀಸೋ ಮುಂದ ಗುನುಗ್ತಾರಲ್ಲ, ಹಂಗ,” ಎನ್ನುತ್ತಾರೆ ಅವರು. ಸ್ವಲ್ಪ ಹೊತ್ತಿಗೆ ಅವರ ಹುಬ್ಬು ಮೇಲೇರುತ್ತದೆ. “ಬಂತು” ಎಂಬ ಒಂದು ಮಾತು, ಕೀಲಿಗೆ ಏಳೂವರೆ ಸುತ್ತು. ನಲವತ್ತು ಬಾಯಿಗಳೂ ಒಮ್ಮೆಲೇ ತೆರೆಯುತ್ತವೆ.

ಪಂಚಾಯಿತಿಯ ಕಾಗದದಲ್ಲಿ ಅವರ ಹುದ್ದೆಯ ಹೆಸರು ವಾಟರ್‌ಮನ್. “ಕಾಗದದಾಗ ನಾ ಗಂಡಸೇ ಅದೀನ್ರಿ,” ಎಂದು ಸೆರಗನ್ನು ಮೀಸೆಯಂತೆ ಮೂಗಿನ ಕೆಳಗೆ ತಿರುವಿ ತೋರಿಸುತ್ತಾರೆ. ಈ ಕೆಲಸ ಮೊದಲು ಗಂಡ ನರಸಿಂಗನದು. ಏಳು ವರ್ಷದ ಹಿಂದೆ ಅವನು ಕಾಮಾಲೆಯಿಂದ ತೀರಿಕೊಂಡಾಗ, ಬೇರೆಯವರು ಸಿಗುವ ತನಕ ಎಂದು ಕೀಲಿಯನ್ನು ಇವರ ಕೈಗೆ ಕೊಟ್ಟರು. ಬೇರೆಯವರು ಇನ್ನೂ ಸಿಕ್ಕಿಲ್ಲ. ಬುದ್ಧನ ಪಟವಿರುವ ಒಂದೇ ಕೋಣೆಯ ಮನೆಯಲ್ಲಿ ಕೀಲಿಗೂ ಒಂದು ಮೊಳೆ ಇದೆ. ಅನುಸೂಯಾಬಾಯಿಯ ಅಜ್ಜಿ ಇದೇ ಊರಿನ ಬಾವಿಕಟ್ಟೆ ಏರುವಂತಿರಲಿಲ್ಲ. ಯಾರಾದರೂ ಮೇಲಿನಿಂದ ಸುರಿಯಲೆಂದು ಕೊಡ ಹಿಡಿದು ಬಿಸಿಲಲ್ಲಿ ಕಾಯುತ್ತಿದ್ದರು. ಮೊಮ್ಮಗಳು ಈಗ ಐದೂ ಓಣಿಗೆ ನೀರು ಬಿಡುತ್ತಾರೆ. ಆ ಮಾತನ್ನು ಅವರು ಎತ್ತುವುದು ಕಡಿಮೆ, ಎತ್ತಿದರೂ ಒಂದೇ ಸಾಲು: “ನಾ ಅಳತಿ ತಪ್ಪಂಗಿಲ್ರಿ, ಯಾಕಂದ್ರ ನಮ್ಮಜ್ಜಿ ಕೊಡ ಎಂದೂ ತುಂಬಿ ಬರ್ಲಿಲ್ಲ.”

ಇದು 2019ರ ಮೇ ತಿಂಗಳು. ಊರಿಗೆ ಬರ ಬಂದಿದೆ. ಬರಬೇಕಾದ ಮಳೆ ಮಾತ್ರ ಎರಡು ವರ್ಷದಿಂದ ಬರುತ್ತೇನೆಂದು ಹೇಳಿ ಬಾರದೆ ಕೂತಿದೆ. ಇನ್ನೂರ ಹನ್ನೆರಡು ಮನೆಗಳಲ್ಲಿ ಎಪ್ಪತ್ನಾಲ್ಕಕ್ಕೆ ಬೀಗ. ಕೆಲವರು ಬೀದರ ಮೇಲಿಂದ ಹೈದರಾಬಾದಿನ ಕಟ್ಟಡ ಕೆಲಸಕ್ಕೆ, ಕೆಲವರು ಭಾಲ್ಕಿಯಲ್ಲಿ ರೈಲು ಹಿಡಿದು ಪುಣೆಯ ಕಡೆಗೆ ಹೋಗಿದ್ದಾರೆ. ಇದ್ದ ಎರಡು ಬೋರ್‌ವೆಲ್‌ಗಳಲ್ಲಿ ಒಂದು ಸತ್ತಿದೆ. ಇನ್ನೊಂದು ಐವತ್ತು ನಿಮಿಷ ಓಡಿ, ಮೂರು ತಾಸು ಏದುಸಿರು ಬಿಡುತ್ತದೆ. ಮನೆಗೆ ನಾಲ್ಕು ದಿನಕ್ಕೊಮ್ಮೆ ಆರು ಕೊಡ. ಎಮ್ಮೆ ಇದ್ದ ಮನೆಗೂ ಆರೇ, ಮದುವೆ ಇದ್ದ ಮನೆಗೂ ಆರೇ.

ಹೋದ ತಿಂಗಳು, ಏಪ್ರಿಲ್ ಹೊತ್ತಿಗೆ, ಆ ಆರು ನಾಲ್ಕಕ್ಕೆ ಇಳಿದಿತ್ತು. ಸುತ್ತಲಿನ ಊರುಗಳಿಗೆ ಸರ್ಕಾರಿ ಟ್ಯಾಂಕರ್ ಬರತೊಡಗಿತು, ಎಕಂಬಾಕ್ಕೆ ಮಾತ್ರ ಬರಲಿಲ್ಲ. ಯಾಕೆಂದು ಕೇಳಲು ಅನುಸೂಯಾಬಾಯಿ ಔರಾದಿನ ಬಸ್ಸು ಹತ್ತಿದರು.

ಕಚೇರಿಯಲ್ಲಿದ್ದದ್ದು ಒಬ್ಬ ಎಳೆಯ ಇಂಜಿನಿಯರ್. ದಕ್ಷಿಣದ ಕಡೆಯವರು, ಬೀದರಿನ ಮೈಲೂರಿನಲ್ಲಿ ಬಾಡಿಗೆ ಮನೆ. ಕೈಕೆಳಗೆ ಅರವತ್ತು ಹಳ್ಳಿ, ಓಡಾಡಲು ಒಂದೇ ಜೀಪು. ಹೀಗಾಗಿ ಹಳ್ಳಿಗಳಿಗೆ ಅವರು ಹೋಗುವ ಬದಲು, ಹಳ್ಳಿಗಳೇ ಅವರ ಕಂಪ್ಯೂಟರಿಗೆ ಬರುತ್ತಿದ್ದವು. ಅವರು ತೆರೆಯನ್ನು ಇವರ ಕಡೆ ತಿರುಗಿಸಿದರು. ಆಕಾಶದಿಂದ ತೆಗೆದ ಎಕಂಬಾ; ಪಕ್ಕದಲ್ಲಿ ಎಮ್ಮೆಯ ಕಣ್ಣಿನಂತೆ ತುಂಬಿ ಹೊಳೆಯುವ ಕೆರೆ.

ಮುಂದಿನದನ್ನು ಅನುಸೂಯಾಬಾಯಿ ಹೇಳುವುದಿಲ್ಲ, ಆಡಿ ತೋರಿಸುತ್ತಾರೆ. ಇಲ್ಲದ ಕನ್ನಡಕವನ್ನು ಬೆರಳಿನಿಂದ ಮೇಲಕ್ಕೆ ತಳ್ಳಿ, ತುಟಿ ಚೂಪು ಮಾಡಿ, ಬೆಣ್ಣೆ ಸವರಿದ ದನಿಯಲ್ಲಿ: “ಏನಮ್ಮಾ ಇದು, ಕೆರೆ ತುಂಬ ನೀರಿದೆಯಲ್ಲಮ್ಮಾ! ಸುಮ್ನೆ ಯಾಕಮ್ಮಾ ಟ್ಯಾಂಕರ್ ಟ್ಯಾಂಕರ್ ಅಂತ ಓಡಾಡ್ತೀರ?” ಸುತ್ತಲಿನ ಹೆಂಗಸರು ಬಿದ್ದು ಬಿದ್ದು ನಗುತ್ತಾರೆ. “ನಾ ಅಂದೆರಿ, ಸಾಹೇಬ್ರ, ಕೆರಿ ಅದ, ನೀರಿಲ್ಲ. ಅವ್ರು ಅಂದ್ರು, ಸ್ಯಾಟಲೈಟ್ ಸುಳ್ಳು ಹೇಳುತ್ತಾ? ಹೇಳುತ್ತಾ ಅಂತ ನನ್ನ ಕೇಳಿದ್ರ ನಾ ಏನು ಹೇಳ್ಲಿ? ಅದು ನನಗ ಭೆಟ್ಟಿ ಆಗೇ ಇಲ್ಲ.”

ಎರಡನೇ ಸಲ ಹೋಗುವಾಗ ನೆರೆಮನೆಯ ಈರಮ್ಮನ ಫೋನಿನಲ್ಲಿ ಬತ್ತಿದ ಕೆರೆಯ ಚಿತ್ರ ತೆಗೆಸಿಕೊಂಡು ಹೋದರು. ಇದು ನಿಮ್ಮೂರ ಕೆರೆಯೇ ಎಂಬುದಕ್ಕೆ ಆಧಾರವೇನು ಎಂಬ ಪ್ರಶ್ನೆ ಬಂತು. ಕೆರೆಯ ಹಣೆಯ ಮೇಲೆ ಹೆಸರು ಬರೆದಿರುವುದಿಲ್ಲವಲ್ಲ.

ಅಂದು ಬಸ್ಸಿಗೆ ಇನ್ನೂ ಹೊತ್ತಿತ್ತು. ಅವರು ಎಂದಿನಂತೆ ಬಸ್ ನಿಲ್ದಾಣದೆದುರಿನ ಯೂಸುಫನ ಇಂಟರ್‌ನೆಟ್ ಅಂಗಡಿಯಲ್ಲಿ ಕೂತರು. ಅರ್ಜಿ ಟೈಪು ಮಾಡುವುದು, ಪಹಣಿ ತೆಗೆಯುವುದು ಯೂಸುಫನ ಕಸುಬು. ಗಿರಾಕಿ ಇಲ್ಲದಾಗ ಇಂಟರ್‌ನೆಟ್ಟಿನಲ್ಲಿ ಸೋಜಿಗ ಹುಡುಕುವುದು ಅವನ ಚಟ. ಮಳೆಯೇ ಕಾಣದ ಗುಡ್ಡಗಳಲ್ಲಿ ಬಲೆ ಕಟ್ಟಿ ಮಂಜು ಹಿಡಿದು ಕುಡಿಯುವ ಜನ, ನೆಲದಡಿ ಹರದಾರಿಗಟ್ಟಲೆ ಕಾಲುವೆ ಕೊರೆದ ಊರು, ಹೀಗೆ. ತಿಂಗಳ ಲೆಕ್ಕದ ಪುಸ್ತಕ ತೋರಿಸಲು ಔರಾದಿಗೆ ಬಂದಾಗಲೆಲ್ಲ ಅನುಸೂಯಾಬಾಯಿ ಅಲ್ಲಿ ಹತ್ತು ನಿಮಿಷ ಕೂತು ಒಂದನ್ನೇ ನೋಡುತ್ತಾರೆ: ಆಫ್ರಿಕಾದ ಮರುಭೂಮಿಯ ಒಂದು ನೀರಿನ ಹೊಂಡ. ಅದರ ದಂಡೆಗೆ ಯಾರೋ ಕ್ಯಾಮೆರಾ ನೆಟ್ಟಿದ್ದಾರೆ, ಹಗಲಿರುಳು ಅದು ತೋರಿಸುತ್ತಲೇ ಇರುತ್ತದೆ. ಜಿಂಕೆ ಬರುತ್ತವೆ, ಕುಡಿಯುತ್ತವೆ, ಹೋಗುತ್ತವೆ. ಆಮೇಲೆ ಆನೆ.

“ನೋಡ್ರಿ, ಆನಿನೂ ಪಾಳಿ ಹಚ್ಚ್ಯಾವ!” ಎಂದು ಮೊದಲ ಸಲ ಅವರು ಎದ್ದು ನಿಂತಿದ್ದರಂತೆ. “ನಮ್ಮ ಐದನೇ ಓಣಿಯವ್ರಿಗೆ ಇದು ತೋರ್ಸಬೇಕೋ ಯೂಸುಫ. ಯಾರೂ ಯಾರ ಜಡೀನೂ ಹಿಡಿದಿಲ್ಲ.”

ಅಂದು ಹೊಂಡದ ಮುಂದೆ ಕೂತವರಿಗೆ ಒಂದು ಸಂಶಯ ಹುಟ್ಟಿತು. ಇಲ್ಲಿ ನೆರಳು ಸರಿಯುತ್ತದೆ, ನೀರು ಅಲುಗುತ್ತದೆ. ಸಾಹೇಬರ ತೆರೆಯ ಮೇಲೆ ಏನೂ ಅಲುಗಿರಲಿಲ್ಲ. “ಯೂಸುಫ, ಇದು ಈಗಿಂದೇನು?”

“ಹೌದ್ರಿ ಆಪಾ, ಲೈವ್. ಈಗಂದ್ರ ಈಗ.”

“ನಮ್ಮ ಊರಂದು?”

ಯೂಸುಫ ಎಕಂಬಾದ ಆಕಾಶಚಿತ್ರ ತೆಗೆದ. ಅನುಸೂಯಾಬಾಯಿ ತೆರೆಗೆ ಮೂಗು ತಾಗುವಷ್ಟು ಬಗ್ಗಿದರು. ಏರಿಯ ತುದಿಯಲ್ಲಿ ಒಂದು ಹಸಿರು ಚುಕ್ಕೆ. “ಅರೆ, ಇದು ದೊಡ್ಡ ಹುಣಸಿ ಗಿಡ! ಗಾಳಿಗಿ ಬಿದ್ದು ಎರಡು ವರ್ಷಾತು. ಅದರ ಕಟಿಗಿ ನಾವು ಒಲಿಗಿ ಹಾಕಿ ಮುಗಿಸೀವಿ.” ಯೂಸುಫ ಮೂಲೆಯ ಸಣ್ಣಕ್ಷರ ದೊಡ್ಡದು ಮಾಡಿ ಓದಿದ. 2016ರ ಅಕ್ಟೋಬರ್. ಆ ವರ್ಷ ಜಿಲ್ಲೆಯ ಕೆರೆಗಳೆಲ್ಲ ಕೋಡಿ ಬಿದ್ದಿದ್ದವು. ಸರ್ಕಾರ ಮೂರು ವರ್ಷದ ಹಿಂದಿನ ನೀರನ್ನು ಎಕಂಬಾಕ್ಕೆ ಈ ಬೇಸಿಗೆಯಲ್ಲಿ ಕುಡಿಸುತ್ತಿತ್ತು.

ತಾರೀಖು ಬರೆದ ಚೀಟಿ ಹಿಡಿದು ಮೂರನೇ ಸಲ ಕಚೇರಿಗೆ ಹೋದಾಗ ಸಾಹೇಬರು ಇರಲಿಲ್ಲ. ಅರ್ಜಿ ಇಟ್ಟು ಹೋಗಿ ಎಂದರು ಗುಮಾಸ್ತರು. ಮೇಜಿನ ಮೇಲೆ ಅರ್ಜಿ ಹಾಕುವ ಎರಡು ತಟ್ಟೆಗಳಿದ್ದವು. ಕುಡಿಯುವ ನೀರಿನದು ಕೊಡದೆತ್ತರ ತುಂಬಿತ್ತು. ಅದರಲ್ಲಿಟ್ಟ ಅರ್ಜಿಗೆ ಪಾಳಿ ಬರುವುದು ಜುಲೈಗೆ. ಇನ್ನೊಂದರ ಮೇಲೆ ‘ತುರ್ತು: ಪ್ರವಾಹ, ಕೆರೆ ಏರಿ ಬಿರುಕು’ ಎಂದು ಬರೆದಿತ್ತು. ಅದರಲ್ಲಿ ಒಂದು ಸತ್ತ ನೊಣ ಬಿಟ್ಟರೆ ಏನೂ ಇರಲಿಲ್ಲ.

“ಇದಕ್ಕ ಹಾಕಿದ್ರ ಯಾವಾಗ ಬರ್ತಾರ್ರಿ?” ಎಂದು ಕೇಳಿದರು ಅನುಸೂಯಾಬಾಯಿ.

“ಅವತ್ತೇ ಹೋಗಬೇಕು. ರೂಲ್ಸ್ ಅದ.”

“ಖಾಲಿ ಇದ್ದಲ್ಲಿ ಕೊಡ ಇಡೋದು ನಮ್ಮ ಕಸುಬಲ್ಲೇನ್ರಿ?” ಎಂದು ಅವರು ಈಗ ನಗುತ್ತಾರೆ. ಅಂದು ನಗಲಿಲ್ಲ. ಯೂಸುಫನ ಅಂಗಡಿಗೆ ಮರಳಿ ಮೂರು ಸಾಲು ಬರೆಸಿದರು: ಎಕಂಬಾ ಕೆರೆಯ ಏರಿ ಬಿರುಕು ಬಿಟ್ಟಿದೆ. ತಮ್ಮ ಕಂಪ್ಯೂಟರಿನಲ್ಲಿ ಕಂಡಂತೆ ಕೆರೆ ಪೂರ್ತಿ ತುಂಬಿದೆ. ದಯಮಾಡಿ ಕೂಡಲೇ ಬಂದು ನೋಡಬೇಕು.

ಯೂಸುಫ ಕೀಲಿಮಣೆಯಿಂದ ಕೈ ತೆಗೆದ. “ಆಪಾ, ನನ್ನ ದುಕಾನ್ ಬಂದ್ ಮಾಡಿಸ್ತೀರೇನ್ರಿ?”

“ಇದ್ರಾಗ ಒಂದು ಸುಳ್ಳು ತೋರ್ಸು, ಅಳಿಸೋಣ.”

ಯೂಸುಫ ಹುಡುಕಿದ. ಒಣಗಿ ಒಣಗಿ ಏರಿ ಬೆರಳು ಹೋಗುವಷ್ಟು ಬಿರಿದಿದ್ದು ಖರೆ. ಕಂಪ್ಯೂಟರಿನಲ್ಲಿ ತುಂಬಿದ್ದೂ ಖರೆ. ಬಂದು ನೋಡಬೇಕೆಂಬುದಂತೂ ಬಿಲ್ಕುಲ್ ಖರೆ. ಕೆಳಗೆ ಅನುಸೂಯಾಬಾಯಿ ತಮ್ಮ ಹೆಸರನ್ನು ಒಂದೊಂದೇ ಅಕ್ಷರ ಜೋಡಿಸಿ ಬರೆದು, ಒಯ್ದು ಖಾಲಿ ತಟ್ಟೆಗೆ ಹಾಕಿದರು.

ಸುದ್ದಿ ತಿಳಿದ ಪಂಚಾಯಿತಿ ಸದಸ್ಯ ಶಿವರಾಜಪ್ಪ ದಾರಿಯಲ್ಲೇ ತಡೆದರು. “ಸರ್ಕಾರದ ಜೋಡಿ ಚಾಷ್ಟಿ ಮಾಡ್ತಿಯೇನವಾ? ಸಾಹೇಬ ಸಿಟ್ಟಿಗೆದ್ರ ಟ್ಯಾಂಕರೂ ಇಲ್ಲ, ನಿನ್ನ ಕೈಯಾಗಿನ ಕೀಲಿನೂ ಇಲ್ಲ. ನೀ ಪರ್ಮನೆಂಟ್ ಅಲ್ಲ, ನೆಪ್ಪಿರ್ಲಿ.”

“ನೆಪ್ಪದರಿ,” ಎಂದರು. ಆ ಕೀಲಿ ಬಿಟ್ಟರೆ ಅವರಿಗೆ ಬೇರೆ ಕೂಲಿ ಇಲ್ಲ.

ಜೀಪು ಅಂದೇ ಮಧ್ಯಾಹ್ನ ಮೂರಕ್ಕೆ ಬಂತು. ಮೈಲೂರಿನ ಮನೆಯಲ್ಲಿ ಊಟಕ್ಕೆ ಕೂತಿದ್ದ ಇಂಜಿನಿಯರ್ ಕಚೇರಿಯಿಂದ ಫೋನು ಬಂದ ಕೂಡಲೇ ಕೈ ತೊಳೆದು ಎದ್ದಿದ್ದರು. ಹಿಂದೆ ಮೂವತ್ತು ಮರಳಿನ ಚೀಲ, ಒಂದು ಸುರುಳಿ ಹಗ್ಗ, ಇಬ್ಬರು ಕೆಲಸಗಾರರು. ಸಾಹೇಬರಿಗೆ ಈಜು ಬಾರದು; ಹಾಗಾಗಿ ಮೈಮೇಲೆ ನೀರಿನಲ್ಲಿ ತೇಲಿಸುವ ಕಿತ್ತಳೆ ಬಣ್ಣದ ದಪ್ಪ ಜಾಕೀಟು. ಅವರು ಏರಿಯನ್ನು ದಡದಡನೆ ಹತ್ತಿದರು, ಆಚೆ ನೋಡಿದರು, ನಿಂತುಬಿಟ್ಟರು.

ಕೆರೆಯ ನಟ್ಟನಡುವೆ ಎರಡು ಆಡು ಮಲಗಿದ್ದವು. ನೆಲ ಹಪ್ಪಳದಂತೆ ಒಡೆದು ಅಂಚು ಮೇಲೆದ್ದಿತ್ತು. ಊರಿನ ಹೆಂಗಸರೆಲ್ಲ ಏರಿಯ ಮೇಲೆ ಸಾಲಾಗಿ ನಿಂತಿದ್ದರು.

“ಯಾರು ಈ ಅರ್ಜಿ ಕೊಟ್ಟಿದ್ದು?” ಸಾಹೇಬರ ದನಿಯಲ್ಲಿ ಬೆಣ್ಣೆ ಇರಲಿಲ್ಲ.

ಅನುಸೂಯಾಬಾಯಿ ಮುಂದೆ ಬಂದರು. ಕೀಲಿಯನ್ನು ಸಾಹೇಬರ ಕಾಲ ಬಳಿ ಮಣ್ಣಿಗೆ ಊರಿದರು. “ನಾನ್ರಿ. ಇನ್ನೊಮ್ಮೆ ಓದ್ರಿ ಸಾಹೇಬ್ರ. ಒಂದು ಮಾತು ಸುಳ್ಳಿದ್ರೂ ಈ ಕೀಲಿ ತಗೊಂಡು ಹೋಗ್ರಿ. ಆದ್ರ ನಾಳಿ ಮುಂಜಾನಿ ನಾಲ್ಕನೇ ಓಣಿ ಪಾಳಿ ಅದ, ಐದಕ್ಕ ನೀವೇ ಬಂದು ಬಿಡಬೇಕಾಗ್ತದ.” ಜೊತೆಗೆ ಯೂಸುಫ ಬರೆದುಕೊಟ್ಟಿದ್ದ ತಾರೀಖಿನ ಚೀಟಿಯನ್ನೂ ಕೊಟ್ಟರು.

ಸಾಹೇಬರು ಅರ್ಜಿ ಓದಿದರು. ಚೀಟಿ ಓದಿದರು. ಕೆಳಗೆ ಬಿರಿದ ಏರಿ ನೋಡಿದರು. ಕೊನೆಗೆ ಬಗ್ಗಿ ತಮ್ಮ ಎದೆಯ ಮೇಲಿನ ಕಿತ್ತಳೆ ಜಾಕೀಟು ನೋಡಿಕೊಂಡರು. ತುಟಿಯ ಒಂದು ಕೊನೆ ಅದುರಿತು.

“ನಿಮ್ಮೂರಲ್ಲಿ ಇದೊಂದೇ ತೇಲ್ತಾ ಇರೋದು ಅನ್ಸುತ್ತೆ,” ಎಂದರು.

ಜೀಪಿನ ಬಾನೆಟ್ಟಿನ ಮೇಲೆಯೇ ಕಾಗದವಿಟ್ಟು ದಿನಕ್ಕೆ ಎರಡು ಟ್ಯಾಂಕರ್ ಎಂದು ಬರೆದು ಸಹಿ ಹಾಕಿದರು. (ಮರುದಿನ ಹತ್ತು ಗಂಟೆಗೆ ಮೊದಲ ಗಾಡಿ ಬಂತು, ಕೊಡ ಮತ್ತೆ ಆರಾಯಿತು.) ಕೀಲಿಯನ್ನು ತಾವೇ ಮಣ್ಣಿನಿಂದ ಕಿತ್ತು, ಎರಡೂ ಕೈಯಲ್ಲಿ ಹಿಡಿದು ಅನುಸೂಯಾಬಾಯಿಗೆ ಕೊಟ್ಟರು. ಅದರ ಭಾರಕ್ಕೆ ಸಾಹೇಬರ ಮೊಣಕೈ ಬಾಗಿತು. ಅರ್ಧಕ್ಕೆ ಬಿಟ್ಟ ಊಟ, ಮೇ ತಿಂಗಳ ಬಿಸಿಲು, ಬಿಚ್ಚಲು ಬಾರದ ಜಾಕೀಟು. ಗಂಟಲೊಣಗಿದ ಸಾಹೇಬರು ಮೆಲ್ಲಗೆ ಕೇಳಿದರು: “ಸ್ವಲ್ಪ ನೀರು ಸಿಗುತ್ತೇನಮ್ಮಾ?”

ಅನುಸೂಯಾಬಾಯಿ ಈರಮ್ಮನ ತಂಬಿಗೆ ಈಸಿಕೊಂಡು, ಲೋಟಕ್ಕೆ ಹನಿ ಚೆಲ್ಲದಂತೆ ಸುರಿದರು. ಸರಿಯಾಗಿ ಅರ್ಧಕ್ಕೆ ನಿಲ್ಲಿಸಿದರು.

“ತಗೋರಿ ಸಾಹೇಬ್ರ. ಉಳಿದ ಅರ್ಧ, ಟ್ಯಾಂಕರ್ ಬಂದ ಮ್ಯಾಲ.”

ಮೊದಲು ಈರಮ್ಮ ಕಿಸಕ್ಕೆಂದಳು. ಆಮೇಲೆ ಸಾಲಿಗೆ ಸಾಲೇ ನಕ್ಕಿತು. ದೂರ ನಿಂತಿದ್ದ ಶಿವರಾಜಪ್ಪನೂ ಟೋಪಿ ಅಡ್ಡ ಹಿಡಿದು ನಕ್ಕರು. ಎಲ್ಲರಿಗಿಂತ ಜೋರಾಗಿ ನಕ್ಕವರು ಮಾತ್ರ ಇಂಜಿನಿಯರ್ ಸಾಹೇಬರು. ಮರಳಿನ ಚೀಲದ ಮೇಲೆ ಕುಸಿದು ಕೂತು, ಜಾಕೀಟು ಕುಣಿಯುವಂತೆ, ಕಣ್ಣಲ್ಲಿ ನೀರು ಬರುವಂತೆ ನಕ್ಕರು. ಲೋಟವನ್ನು ಮಾತ್ರ ಅಂಗೈಯಿಂದ ಮುಚ್ಚಿ ಹಿಡಿದಿದ್ದರು. ಒಂದು ಹನಿಯೂ ಚೆಲ್ಲಲಿಲ್ಲ.