ಪ್ರೆಸ್ ಕಾಕಾರ ಒಡಕು ಫೋನು

ಓದುವುದು ಏನೇ ಇರಲಿ, ಪ್ರೆಸ್ ಕಾಕಾ ಮೊದಲು ತಲೆಯನ್ನು ಎಡಕ್ಕೆ ವಾಲಿಸುತ್ತಿದ್ದರು. ಹರೆಯದಲ್ಲಿ ಸೀಸದ ಅಚ್ಚಿನ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ತಿರುಗುಮುರುಗಾದ ಅಕ್ಷರಗಳನ್ನು ಓದಿ ಓದಿ ಕುತ್ತಿಗೆಗೆ ಹತ್ತಿದ ಚಾಳಿ ಅದು. ಮೊಳೆ, ಮಷಿನ್ ಎಲ್ಲ ಗುಜರಿಗೆ ಹೋಗಿ ಎಷ್ಟೋ ವರ್ಷವಾಗಿತ್ತು. ಆದರೂ ಕಂಪ್ಯೂಟರಿನ ಮುಂದೆ, ಬಸ್ಸಿನ ಬೋರ್ಡಿನ ಮುಂದೆ, ಕಡೆಗೆ ಔಷಧದ ಚೀಟಿಯ ಮುಂದೆಯೂ ಅವರ ತಲೆ ವಾಲುತ್ತಲೇ ಇತ್ತು. ಬಲಗೈ ಹೆಬ್ಬೆರಳಿನ ಉಗುರು ಸೀಳಿತ್ತು, ಆ ಸೀಳಿನಲ್ಲಿ ಮಸಿಯ ಗೆರೆಯೊಂದು ಕಾಯಂ ಆಗಿ ಕೂತಿತ್ತು.

ಅಣ್ಣಿಗೇರಿಯಲ್ಲಿ ಸ್ಟೇಷನ್ನಿಗೆ ಹೋಗುವ ದಾರಿಯಲ್ಲಿ ಅವರ ಸಣ್ಣ ಪ್ರಿಂಟಿಂಗ್ ಪ್ರೆಸ್. ಸುತ್ತಲ ಹಳ್ಳಿಗಳ ಲಗ್ನಪತ್ರಿಕೆ ಬಹಳಷ್ಟು ಅಲ್ಲೇ ಅಚ್ಚಾಗುತ್ತಿದ್ದವು. ಅವರ ಮನೆ ನಮ್ಮ ಓಣಿಯಲ್ಲೇ ಇತ್ತು. ಬಿ.ಎ. ಮುಗಿಸಿ ಸುಮ್ಮನೆ ಕೂತಿದ್ದ ನನ್ನನ್ನು ಟೈಪಿಂಗಿಗೆ ಕರೆದವರು ಅವರೇ. ಮಧ್ಯಾಹ್ನ ಗಿರಾಕಿಗಳಿಲ್ಲದ ಹೊತ್ತಿನಲ್ಲಿ ನಾನು ಫೋನಿನಲ್ಲಿ ವಿಡಿಯೋ ನೋಡುತ್ತ, ಪ್ರೆಸ್ಸಿನ ಕಂಪ್ಯೂಟರಿನಲ್ಲಿ ವೆಬ್‌ಸೈಟ್ ಮಾಡುವುದನ್ನು ಕಲಿಯತೊಡಗಿದೆ. ಕಲಿಸುವವನು ಹಿಂದಿಯಲ್ಲಿ ಉಸಿರು ಬಿಡದೆ ಹೇಳುತ್ತಿದ್ದ. ಅವನು ಹೇಳಿದ್ದರಲ್ಲಿ ಅರ್ಧ ತಿಳಿಯುತ್ತಿತ್ತು, ಉಳಿದರ್ಧ ತಪ್ಪು ಮಾಡಿದ ಮೇಲೆ ತಿಳಿಯುತ್ತಿತ್ತು. ಕೋಡಿನಲ್ಲಿ ಒಂದು ಚಿಹ್ನೆ ಬಿಟ್ಟುಹೋದರೆ ಪುಟವೆಲ್ಲ ಚೆಲ್ಲಾಪಿಲ್ಲಿ.

ಅವ್ವನಿಗೆ ಇದು ಹಿಡಿಸಿರಲಿಲ್ಲ. "ಹೊಲಿಗಿ ಕ್ಲಾಸಿಗರ ಹೋಗಿದ್ರ ಇಷ್ಟೊತ್ತಿಗೆ ನಾಕು ಜಂಪರ್ ಹೊಲೀತಿದ್ದಿ," ಎನ್ನುತ್ತಿದ್ದಳು. ದೀಪಾವಳಿಯೊಳಗೆ ನನ್ನ ಕಲಿಕೆಯಿಂದ ಒಂದಾದರೂ ಕೆಲಸ ಆಗದಿದ್ದರೆ ಹೊಲಿಗೆ ಕ್ಲಾಸಿಗೆ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಹೊಲಿಗೆಯ ಮೇಲೆ ನನಗೆ ಸಿಟ್ಟಿರಲಿಲ್ಲ, ಆದರೆ ಇದನ್ನು ಬಿಡಲು ಮನಸ್ಸಿರಲಿಲ್ಲ.

ಕಾಕಾರಿಗೆ ಕೋಡು ಒಂದಕ್ಷರ ಬರುತ್ತಿರಲಿಲ್ಲ, ಕಲಿಯುವ ಆಸೆಯೂ ಇರಲಿಲ್ಲ. ಪುಟ ಮಾತ್ರ ಅವರಿಗೆ ಗೊತ್ತಿತ್ತು. ನನ್ನ ಮೊದಲ ಪುಟದಲ್ಲಿ ಅಕ್ಷರಗಳೆಲ್ಲ ಅಂಚಿಗೆ ಅಂಟಿಕೊಂಡಿದ್ದವು. ತಲೆ ವಾಲಿಸಿ ನೋಡಿ, "ತಂಗಿ, ಖಾಲಿ ಜಾಗಾ ತಾನ ಬರೂದಿಲ್ಲವಾ. ಅದನ್ನೂ ನಾವ ಇಡಬೇಕು," ಎಂದರು. ಮೊಳೆ ಜೋಡಿಸುವಾಗ ಎರಡು ಶಬ್ದಗಳ ನಡುವೆ ಅಕ್ಷರವಿಲ್ಲದ ಸೀಸದ ತುಂಡೊಂದನ್ನು ಇಡುತ್ತಿದ್ದರಂತೆ. ವಿಡಿಯೋದವನು ಮೂರು ಸಲ ಹೇಳಿದರೂ ತಲೆಗೆ ಹೋಗದ, ಅಕ್ಷರದ ಸುತ್ತ ಜಾಗ ಬಿಡುವ ಪ್ಯಾಡಿಂಗ್ ಎಂಬುದು ನನಗೆ ಆಗ ಹೊಳೆಯಿತು.

ಅವರ ಹಟಗಳೂ ಕಡಿಮೆ ಇರಲಿಲ್ಲ. ವೆಬ್‌ಸೈಟಿನ ಪುಟವನ್ನು ಕಾಗದದ ಮೇಲೆ ಪ್ರಿಂಟ್ ತೆಗೆಸಿ, ಕೆಂಪು ಪೆನ್ನಿನಿಂದ ಪ್ರೂಫ್ ತಿದ್ದುತ್ತಿದ್ದರು. ಒಮ್ಮೆ ಮಂದಿಗೆ ಕಳಿಸಿದ ಪುಟ ಅಚ್ಚಾದಂತೆಯೇ, ಮತ್ತೆ ತಿದ್ದಲು ಬಾರದು ಎಂದು ಅವರ ನಂಬಿಕೆ. ಹಾಗಲ್ಲ ಎಂದು ನಾನು ಹೇಳಿದರೆ, "ಎಲ್ಲಾ ಹುಡುಗುರೂ ಹಂಗ ಅಂತಾರ," ಎಂದು ನಕ್ಕುಬಿಡುತ್ತಿದ್ದರು.

ಮೊದಲ ಕೆಲಸ ಬಂದದ್ದು ಶಲವಡಿಯಿಂದ. ಮಗನ ಮದುವೆಗೆ ಕಾಗದದ ಪತ್ರಿಕೆಯ ಜೊತೆಗೆ, ಫೋನಿನಲ್ಲಿ ಕಳಿಸಲು ವೆಬ್‌ಸೈಟಿನ ಪತ್ರಿಕೆಯೂ ಬೇಕೆಂದು ವರನ ತಂದೆ ಕೇಳಿದರು. ಕಾಗದದ ಪತ್ರಿಕೆಯಂತೆಯೇ ಎಡಕ್ಕೆ ವರನ ಕಡೆಯವರ ಹೆಸರು, ಬಲಕ್ಕೆ ವಧುವಿನ ಕಡೆಯವರದು. ಸಣ್ಣ ಪರದೆಯಲ್ಲಿ ಅಕ್ಕಪಕ್ಕದ ಸಾಲುಗಳು ಒಂದರ ಕೆಳಗೊಂದು ಇಳಿಯಬೇಕು ಎಂದು ವಿಡಿಯೋದವನು ಕಲಿಸಿದ್ದನಲ್ಲ, ಅದನ್ನೂ ಶ್ರದ್ಧೆಯಿಂದ ಮಾಡಿದೆ. ಕಾಗದದ ಪ್ರೂಫನ್ನು ಕಾಕಾ ಒಪ್ಪಿದರು. ಫೋನಿನಲ್ಲಿ ಹೇಗೆ ಕಾಣುತ್ತದೆಂದು ಇಬ್ಬರೂ ನೋಡಲಿಲ್ಲ.

ಮರುದಿನವೇ ವರನ ತಂದೆ ಪ್ರೆಸ್ಸಿಗೆ ಬಂದು, ಫೋನಿನ ಸ್ಪೀಕರ್ ಹಾಕಿ ಟೇಬಲ್ ಮೇಲಿಟ್ಟರು. ಆ ಕಡೆ ಕುಂದಗೋಳದಿಂದ ಹುಡುಗಿಯ ಸೋದರಮಾವ. "ಅವರ ಕಾಕಾ, ಮಾಮಾ, ಮನಿಮಂದಿ ಎಲ್ಲಾ ಮುಗಿದ ಮ್ಯಾಲೆ ತೆಳಗ ನಾವು. ನಮ್ಮನ್ನ ಅವರ ಕಾಲಾಗ ಹಾಕೀರೇನ್ರಿ? ಹಿಂಗಾದ್ರ ನಾ ಅಕ್ಕಿಕಾಳಿಗೆ ಬರೂದಿಲ್ಲ."

ಸೋದರಮಾವ ಅಕ್ಷತೆಗೆ ಬರದ ಮದುವೆ ಎಂದರೆ ಊರೆಲ್ಲ ಮಾತಾಗುತ್ತದೆ, ಆ ಮಾತು ನನ್ನ ಕೋಡಿನಿಂದ ಹುಟ್ಟುತ್ತದೆ. "ಕಂಪ್ಯೂಟರಿನ್ಯಾಗ ಬಾಜೂಬಾಜೂನ ಅದಾವ್ರಿ ಕಾಕಾ," ಎಂದು ಪಿಸುಗುಟ್ಟಿದೆ.

"ಮಂದಿ ಕಂಪ್ಯೂಟರ್ ಹೊತಗೊಂಡು ಅಡ್ಡ್ಯಾಡ್ತಾರೇನು?" ಎಂದರು. ಆಮೇಲೆ ಫೋನಿನ ಹತ್ತಿರ ಬಾಗಿ ನಿಧಾನಕ್ಕೆ ಹೇಳಿದರು, "ಸಾಹೇಬ್ರ, ತಪ್ಪು ಬೀಗರದಲ್ರಿ. ಪ್ರೆಸ್ಸಿಂದು. ನಾ ನೋಡಿ ಬಿಡಬೇಕಾಗಿತ್ತು, ನೋಡಲಿಲ್ಲ." ನನ್ನ ಸುದ್ದಿಯನ್ನೇ ಎತ್ತಲಿಲ್ಲ. ಅಂದು ಅವರು ನನ್ನ ಕಡೆ ಬೆರಳು ಮಾಡಿದ್ದರೆ ನಾನು ಮತ್ತೆ ಆ ಕುರ್ಚಿಯಲ್ಲಿ ಕೂಡುತ್ತಿರಲಿಲ್ಲ.

ಕಾಕಾ ತಮ್ಮ ಫೋನು ತೆಗೆದರು. ಅಂಗೈಗಿಂತ ಸಣ್ಣದು, ಗಾಜು ಒಡೆದದ್ದು. ಅದರಲ್ಲಿ ಎರಡೂ ಕಡೆಯವರನ್ನು ಬಾಜೂಬಾಜೂ ಕೂಡಿಸಲು ಹೋದರೆ ಹೆಸರುಗಳು ಹಿಡಿಸಲೊಲ್ಲವು. "ಅಕ್ಷರ ಸಣ್ಣ ಆಗಲಿ. ಮಂದಿ ಸಣ್ಣ ಆಗಬಾರದು," ಎಂದು ಕಾಕಾ ಪಕ್ಕದಲ್ಲಿ ಕೂತರು. ಉದ್ದ ಹೆಸರುಗಳನ್ನು ಎಲ್ಲಿ ಮುರಿಯಬೇಕೆಂದು ಅವರು ಹೇಳಿದರು, ನಾನು ಮುರಿದೆ. ಕೆಲಸ ಮುಗಿದಾಗ ಸೋದರಮಾವನಿಗೆ ಅದೇ ಲಿಂಕನ್ನು ಮತ್ತೆ ತೆರೆಯಲು ಹೇಳಿಸಿದೆವು. ಅವರು ಒಂದೊಂದೇ ಹೆಸರನ್ನು ಗಟ್ಟಿಯಾಗಿ ಓದಿದರು. "ಈಗ ಪಾಡ ಆತು ನೋಡ್ರಿ," ಎಂದಾಗ ವರನ ತಂದೆ ಚಹಾ ತರಿಸಿದರು.

ಅವರು ಹೋದ ಮೇಲೂ ಕಾಕಾ ಫೋನು ಹಿಡಿದೇ ಕೂತಿದ್ದರು. "ಹಂಚಿದ ಪತ್ರಿಕಿ ತಿದ್ದಾಕ ಬರ್ತೈತಿ?" ಎಂದು ಕೇಳಿದರು. ಹಿಂದೊಮ್ಮೆ ಅವರು ಅಚ್ಚು ಹಾಕಿದ ಪತ್ರಿಕೆಯಲ್ಲಿ ವಾರ ತಪ್ಪಾಗಿ, ಪೆನ್ನು ಹಿಡಿದು ಊರಿನ ಮನೆಮನೆಗೆ ಹೋಗಿ ತಿದ್ದಿ ಬಂದಿದ್ದರಂತೆ. "ನೀ ಆವಾಗ ಇರಬೇಕಾಗಿತ್ತು ನೋಡವಾ," ಎಂದು ನಕ್ಕರು. ಆ ಮದುವೆಯಿಂದ ಬಂದವರು ಇನ್ನೆರಡು ಪತ್ರಿಕೆಯ ಕೆಲಸ ಹೇಳಿಹೋದರು. ಅವ್ವ ಹೊಲಿಗೆಯ ಮಾತು ಬಿಟ್ಟಳು. ಮುಂದೆ ನಾನು ಮಾಡಿದ ಪುಟಗಳೆಲ್ಲ ಮೊದಲು ಕಾಕಾರ ಒಡಕು ಫೋನಿನಲ್ಲಿ ಪಾಸಾಗಬೇಕಿತ್ತು.

ಹೋದ ವರ್ಷ ಎದೆನೋವು ಬಂದು ಕಾಕಾ ತೀರಿಕೊಂಡರು. ಬೆಳಿಗ್ಗೆ ಅವರ ಮಗ ಬಂದು, ಬಳಗಕ್ಕೆ ತಿಳಿಸಲು ಒಂದು ಪುಟ ಮಾಡಿಕೊಡು ಎಂದ. ದೂರದ ನೆಂಟರಿಗೆ ಉರ್ದುವಿನಲ್ಲಿ, ಊರವರಿಗೆ ಕನ್ನಡದಲ್ಲಿ. ಯಾವುದು ಮೇಲೆ, ಯಾವುದು ಕೆಳಗೆ ಎಂದು ಅವನು ಕೇಳಿದ. ಬಾಜೂಬಾಜೂ ಎಂದೆ. ಉರ್ದು ಬಲದಿಂದ, ಕನ್ನಡ ಎಡದಿಂದ. ಪ್ರಿಂಟ್ ತೆಗೆದು ಕೆಂಪು ಪೆನ್ನಿನಿಂದ ನಾನೇ ತಿದ್ದಿದೆ. ಅಲ್ಲಿಯವರೆಗೆ ತಡೆದಿದ್ದ ಅಳು ಆಗ ಬಂತು.

ಕಾಕಾರ ಹೆಂಡತಿ ಕಾಕೂ ಹತ್ತಿರ ಹೋಗಿ, "ಕಾಕಾರ ಫೋನು ಬೇಕಾಗಿತ್ರಿ, ಒಮ್ಮೆ ನೋಡಿ ಬಿಡ್ತೀನಿ," ಎಂದೆ. ದಿಂಬಿನ ಬಳಿಯಿಂದ ತಂದುಕೊಟ್ಟರು. ಒಡೆದ ಗಾಜಿನ ಕೆಳಗೆ ಅವರ ಹೆಸರು ಎರಡೂ ಲಿಪಿಯಲ್ಲಿ ಒಂದೇ ಸಾಲಿನಲ್ಲಿ ಬಂದಿತ್ತು. ಅಕ್ಷರ ಸಣ್ಣವಾಗಿದ್ದವು.

ಫೋನು ಮರಳಿಸಲು ಹೋದಾಗ ಕಾಕೂ ಕೈ ಚಾಚಲಿಲ್ಲ. "ಇಟಗೋ ಯವ್ವಾ," ಎಂದರು. "ಅವರು ನೋಡದ ಏನೂ ಬಿಡಬ್ಯಾಡ."