ಒಂದೇ ಸ್ಟಾರ್ ಕೊಟ್ಟವಳು

ಶಾಲೆಯಿಂದ ನಿವೃತ್ತಳಾದ ಮೇಲೆ ನನಗೇ ಯಾರಾದರೂ ಮಾರ್ಕು ಹಾಕುತ್ತಾರೆಂದು ನಾನು ಎಣಿಸಿರಲಿಲ್ಲ. ಮೂವತ್ತು ವರ್ಷ ಬೇರೆಯವರಿಗೆ ಹಾಕಿ ಅಭ್ಯಾಸವಾದವಳು ನಾನು. ಮಣಿಪಾಲದಲ್ಲಿ ಇಂಜಿನಿಯರ್ ಆಗಿರುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಅಲೆವೂರಿನ ನಮ್ಮ ಮನೆಗೆ ಬಂದು, ಹೊರಗಿನಿಂದ ಕೆಲಸಕ್ಕೆ ಬರುವವರಿಗೆ ತುಳು ಕಲಿಸುವ ಒಂದು ಆ್ಯಪ್ ಮಾಡುತ್ತಿದ್ದೇನೆ, ಪಾಠವೂ ದನಿಯೂ ನಿಮ್ಮದೇ ಆಗಬೇಕು ಎಂದಳು. ನಾನು ಉಬ್ಬಿಹೋದೆ. ಹದಿನೈದೇ ದಿನದಲ್ಲಿ ಇಪ್ಪತ್ತು ಪಾಠ ಬರೆದು, ಸದ್ದಾಗದಂತೆ ಫ್ಯಾನ್ ಆರಿಸಿ, ಬೆವರು ಸುರಿಸುತ್ತಾ ಓದಿ ರೆಕಾರ್ಡ್ ಮಾಡಿಕೊಟ್ಟೆ.

ಅಭಿಪ್ರಾಯ ಕೇಳಿ ಉಡುಪಿ, ಕಾರ್ಕಳದ ನನ್ನ ಸಹೋದ್ಯೋಗಿಗಳಿಗೂ ನೆಂಟರಿಗೂ ಆ್ಯಪನ್ನು ಕಳಿಸಿದೆವು. ಎಲ್ಲರೂ ಐದಕ್ಕೆ ಐದು ಸ್ಟಾರ್ ಕೊಟ್ಟರು. ಲಾಯ್ಕುಂಟು ಎಂದರು, ಭಾರೀ ಒಳ್ಳೆಯದಾಗಿದೆ ಎಂದರು. ನಮ್ಮ ಕಡೆ ಮದುವೆ ಊಟದ ಪಂಕ್ತಿಯಲ್ಲಿ ಮನೆಯವರು ಬಂದು ಹೇಗಾಯಿತು ಎಂದು ಕೇಳಿದರೆ, ಸಾರಿಗೆ ಉಪ್ಪು ಸಾಲದು ಎನ್ನುವವರು ಯಾರಾದರೂ ಇದ್ದಾರೆಯೇ? ಇದೂ ಹಾಗೆಯೇ. ಅದು ಗೊತ್ತಿದ್ದೂ ನಾನು ಹಿಗ್ಗಿದೆ. ವಿದ್ಯಾರ್ಥಿನಿಗೆ ಮಾತ್ರ ಸಮಾಧಾನವಾಗಲಿಲ್ಲ. ತುಳು ಬಾರದವರಿಗೇ ಕೊಟ್ಟು ನೋಡಬೇಕೆಂದು ಮನೆಗಳಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಕೆಲವು ಹೋಮ್ ನರ್ಸ್‌ಗಳಿಗೆ ಕೊಟ್ಟಳು.

ಮೊದಲು ಬಂದದ್ದು ಒಂದೇ ಸ್ಟಾರ್. ಕೊಟ್ಟವಳು ಒಡಿಶಾದಿಂದ ಬಂದು ಕಾಪುವಿನ ಒಂದು ಮನೆಯಲ್ಲಿ, ಬಿದ್ದು ಸೊಂಟ ಮುರಿದು ಆಪರೇಷನ್ ಆಗಿದ್ದ ಅಜ್ಜಿಯೊಬ್ಬರನ್ನು ನೋಡಿಕೊಳ್ಳುತ್ತಿದ್ದ ಹುಡುಗಿ. ಹಿಂದಿಯಲ್ಲಿ ನಾಲ್ಕು ಸಾಲು ಬರೆದಿದ್ದಳು: ದಿನಾ ಬೆಳಿಗ್ಗೆ ಪಾಠದಲ್ಲಿದ್ದ ಹಾಗೆಯೇ ಮಾತಾಡಿಸುತ್ತೇನೆ, ಅಜ್ಜಿ ಗೋಡೆಗೆ ಮುಖ ತಿರುಗಿಸುತ್ತಾರೆ, ನಡೆಸಲು ಹೋದರೆ ಏಳುವುದೇ ಇಲ್ಲ. ಭಾನುವಾರದೊಳಗೆ ಅವರನ್ನು ನಡೆಸದಿದ್ದರೆ ಬೇರೆಯವರನ್ನು ಕರೆಸುತ್ತೇವೆ ಎಂದು ಮನೆಯವರು ಹೇಳಿದ್ದಾರೆ, ನನ್ನ ಕೆಲಸ ಹೋಗುತ್ತದೆ.

ನನಗೆ ಸಿಟ್ಟು ನೆತ್ತಿಗೇರಿತು. ಉಚ್ಚಾರ ಕೆಡಿಸಿಕೊಂಡು ಪಾಠದ ಮೇಲೆ ದೂರು ಹಾಕುತ್ತಾಳೆ ಎಂದೆ.

“ಒಮ್ಮೆ ಹೋಗಿ ನೋಡುವ ಟೀಚರ್,” ಎಂದಳು ವಿದ್ಯಾರ್ಥಿನಿ. “ನೋಡದೆ ಎಂತ ಹೇಳುವುದು?”

ಶುಕ್ರವಾರ ಬೆಳಿಗ್ಗೆ ಅವಳ ಸ್ಕೂಟರಿನ ಹಿಂದೆ ಕೂತು ಕಾಪುವಿಗೆ ಹೋದೆ. ದಾರಿಯುದ್ದಕ್ಕೂ ಆ ಹುಡುಗಿಗೆ ಹೇಳಬೇಕಾದ ಬುದ್ಧಿಮಾತನ್ನು ಜೋಡಿಸಿಕೊಳ್ಳುತ್ತಿದ್ದೆ. ಹುಡುಗಿ ನಮ್ಮನ್ನು ಒಳಗೆ ಕರೆದೊಯ್ದು, ಮಂಚದ ಬಳಿ ನೆಟ್ಟಗೆ ನಿಂತು, ಅಜ್ಜಿಗೆ ಕೈಮುಗಿದು ನನ್ನ ಮೊದಲ ಪಾಠವನ್ನು ಒಪ್ಪಿಸಿದಳು.

“ಈರೆನ ಪುದರ್ ದಾದ?”

ನಿಮ್ಮ ಹೆಸರೇನು ಎಂದು. ಉಚ್ಚಾರದಲ್ಲಿ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಅಜ್ಜಿ ಗೋಡೆಗೆ ತಿರುಗಿದರು.

ನಾಚಿಕೆಯಿಂದ ನನ್ನ ಕಿವಿ ಬಿಸಿಯಾಯಿತು. ನಮ್ಮಲ್ಲಿ ಹಿರಿಯ ಹೆಂಗಸಿನ ಎದುರು ನಿಂತು ಹೆಸರು ಕೇಳುವವರು ಯಾರು? ಊಟ ಆಯಿತೇ ಎಂದು ಕೇಳುತ್ತೇವೆ, ತವರು ಎಲ್ಲಿ ಎಂದು ಕೇಳುತ್ತೇವೆ. ನನ್ನ ಅತ್ತೆಯ ಹೆಸರು ನನಗೆ ತಿಳಿದದ್ದು ಮದುವೆಯಾಗಿ ಎಷ್ಟೋ ತಿಂಗಳ ಮೇಲೆ, ಅದೂ ರೇಷನ್ ಕಾರ್ಡ್ ನೋಡಿ. ಹಾಗಿದ್ದೂ ಪಾಠ ಬರೆಯಲು ಕೂತಾಗ ಶಾಲೆಯ ಪುಸ್ತಕದ ಚಾಳಿ ಬಿಡದೆ ಹೆಸರನ್ನೇ ಮೊದಲು ಕೇಳಿಸಿದ್ದೆ. ಸಾಲದ್ದಕ್ಕೆ, ಒಂದನೇ ಪಾಠವನ್ನು ದಿನವೂ ಅಭ್ಯಾಸ ಮಾಡಿ ಎಂದೂ ಹೇಳಿದ್ದೆ.

ನಾನು ಅಜ್ಜಿಯ ಕಾಲ ಬಳಿ ಕೂತು ತುಳುವಿನಲ್ಲಿ ಮಾತಿಗೆಳೆದೆ. ತವರು ಇಲ್ಲೇ ಹತ್ತಿರದ ಎಲ್ಲೂರು ಎಂಬ ಊರು ಎಂದರು. ಕಾಫಿ ಕುಡಿದಿರಾ ಎಂದು ನಮ್ಮನ್ನೇ ವಿಚಾರಿಸಿದರು. ಹುಡುಗಿ ಹೇಗೆ ಎಂದು ಕೇಳಿದ್ದಕ್ಕೆ ಅಜ್ಜಿ ಹೇಳಿದರು.

“ಅವಳ ಕೈ ಒಳ್ಳೆದುಂಟು. ಆದರೆ ಆಸ್ಪತ್ರೆಯಲ್ಲಿ ನನ್ನ ತಲೆ ಸರಿ ಉಂಟಾ ನೋಡಲಿಕ್ಕೆ ದಿನಾ ಹೆಸರು ಕೇಳ್ತಿದ್ದರು. ಮನೆಗೆ ಬಂದರೆ ಇವಳೂ ಅದನ್ನೇ ಕೇಳ್ತಾಳೆ. ನನಗೆ ಅರಳುಮರಳು ಅಂತ ಎಲ್ಲರೂ ಸೇರಿ ನಿಶ್ಚಯ ಮಾಡಿದ್ದಾರೆ, ಅಲ್ವಾ?”

ತಪ್ಪು ಅವಳದ್ದಲ್ಲ, ಕಲಿಸಿದ್ದು ನಾನು ಎಂದೆ. ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಟೀಚರ್ ಆಗಿದ್ದವರಾ ಎಂದು ಕೇಳಿದರು. ಹೌದು ಎನ್ನುವ ಬದಲು ಬ್ಯಾಗಿನಿಂದ ಪೆನ್ನು ತೆಗೆದೆ.

ಅಲ್ಲೇ ಮಂಚದ ಅಂಚಿನಲ್ಲಿ ಹೊಸ ಮೊದಲ ಪಾಠ ಬರೆದೆವು. ನಾನು ಫೋನಿಗೆ ಓದಿದಾಗ ಅಜ್ಜಿ ಕೈಯೆತ್ತಿ ತಡೆದು, ಬಸ್ಸು ಹಿಡಿಯುವವರ ಹಾಗೆ ಓಡಬೇಡಿ ಎಂದರು. ನಿಧಾನವಾಗಿ ಇನ್ನೊಮ್ಮೆ ಓದಿದೆ. ಎದುರಿಗೇ ಅಷ್ಟು ನೇರವಾದ ಅಭಿಪ್ರಾಯ ನನಗೆ ಅದುವರೆಗೆ ಯಾರೂ ಕೊಟ್ಟಿರಲಿಲ್ಲ. ನಿಜ ಹೇಳಬೇಕೆಂದರೆ ಖುಷಿಯಾಯಿತು. ಹುಡುಗಿ ಊಟ ಆಯಿತೇ ಎಂಬುದನ್ನು ಹತ್ತು ಸಲ ಹೇಳಿ ಕಲಿತಳು.

ಶನಿವಾರ ಅಜ್ಜಿ ಅವಳ ತೋಳು ಹಿಡಿದು ಮಂಚದಿಂದ ಬಾಗಿಲವರೆಗೆ ನಡೆದರು. ಭಾನುವಾರ ಜಗಲಿಗೆ ಬಂದರು. ಬೇರೆಯವರನ್ನು ಕರೆಸುವ ಮಾತನ್ನು ಮನೆಯವರು ಮತ್ತೆ ಎತ್ತಲಿಲ್ಲ.

ಬುಧವಾರ ಹುಡುಗಿಯಿಂದ ಇನ್ನೊಂದು ದೂರು ಬಂತು: ಇವತ್ತು ಅಂಗಳಕ್ಕೆ ಇಳಿದೆವು, ನಡೆಯುತ್ತಾ ಅಜ್ಜಿ ನನ್ನ ಕೈ ಒತ್ತಿ, ಮಗಳನ್ನು ಇಷ್ಟು ದೂರ ಕಳಿಸಿ ನಿನ್ನ ಅಮ್ಮ ಹೇಗಿದ್ದಾರೆ ಎಂದು ಕೇಳಿದರು, ನನಗೆ ಅರ್ಥವಾಯಿತು, ಆದರೆ ಉತ್ತರ ಹೇಳಲು ನಿಮ್ಮ ಇಪ್ಪತ್ತು ಪಾಠದಲ್ಲಿ ಒಂದು ಮಾತೂ ಇಲ್ಲ. ನಾಳೆ ಬೆಳಿಗ್ಗೆ ಮತ್ತೆ ಕೇಳುತ್ತಾರೆ, ಅಷ್ಟರೊಳಗೆ ಕಳಿಸಿ.

ನಾನು ಪೆನ್ನು ಹಿಡಿದು ಕೂತೆ. ಏನು ಬರೆಯುವುದು? ಅವಳ ಅಮ್ಮನ ವಿಷಯ ನನಗೂ ಗೊತ್ತಿರಲಿಲ್ಲ, ಕೇಳಿರಲೂ ಇಲ್ಲ. ಫೋನ್ ಮಾಡಿ, ನಿನ್ನ ಅಮ್ಮ ಹೇಗಿದ್ದಾರೆ, ಮೊದಲು ನನಗೆ ಹೇಳು ಎಂದೆ. ಅವಳು ಹಿಂದಿಯಲ್ಲಿ ಹೇಳತೊಡಗಿದಳು. ಅವಳು ನಿಲ್ಲಿಸುವವರೆಗೂ ನಾನು ಬರೆದುಕೊಂಡೆ.