ಲಾಕಪ್ಪಿಗೆ ಎಲೆ ಹಾಕುತ್ತಿದ್ದ ಅಮ್ಮ

ಮೊನ್ನೆ ಚಿಕ್ಕಮಗಳೂರಿನಲ್ಲಿ ಒಂದು ಮದುವೆ ಊಟಕ್ಕೆ ಕೂತಿದ್ದೆ. ಬಡಿಸುವವನು ಕಳಲೆ ಸಾರಿನ ಬಕೆಟ್ ಹಿಡಿದು ಬಂದ. ಎಳೆ ಬಿದಿರಿನ ಆ ಘಾಟು ವಾಸನೆ ಮೂಗಿಗೆ ಬಿದ್ದದ್ದೇ ತಡ, ನನ್ನ ಕೈ ತಾನಾಗಿಯೇ ಎದೆಯ ಹತ್ತಿರ ಹೋಯಿತು, ಕರಿಕೋಟು ಬಿಚ್ಚಿದ್ದೇನೆಯೋ ಇಲ್ಲವೋ ಎಂದು ನೋಡಿಕೊಳ್ಳಲು. ಪಕ್ಕದಲ್ಲಿದ್ದ ಹೆಂಡತಿ, "ಏನಾಯ್ತು, ಎದೆ ನೋವಾ?" ಎಂದು ಗಾಬರಿಯಾದಳು. ಎದೆ ನೋವಲ್ಲ, ಮೆಸ್ಸಮ್ಮ ನೆನಪಾದರು ಎಂದೆ. ಅವಳಿಗೆ ಆ ಕಥೆ ಬಾಯಿಪಾಠ, ಮತ್ತೆ ಊಟ ಮಾಡತೊಡಗಿದಳು.

ಊರಿನ ಹೆಸರು ಬೇಡ. ಕೊಟ್ಟಿಗೆಹಾರದಿಂದ ಆಚೀಚೆ ಎಲ್ಲೋ ಒಂದು ಕಡೆ ಅಂದುಕೊಳ್ಳಿ. ನಾನಿನ್ನೂ ಅಲ್ಲೇ ವಕೀಲಿ ಮಾಡಿ ಹೊಟ್ಟೆ ಹೊರೆಯಬೇಕು. ಆಗ ನನ್ನದು ಹೊಸ ಸನದು, ಹಳೆಯ ಕೋಟು. ಪೊಲೀಸ್ ಸ್ಟೇಷನ್ನಿನ ಎದುರಿಗೆ ಒಂದು ಮೆಸ್ಸಿತ್ತು. ಅದರ ಮಾಳಿಗೆಯ ಮೇಲೆ ನನ್ನ ಆಫೀಸು. ಕೆಳಗಿನ ಒಗ್ಗರಣೆಯೆಲ್ಲ ನನ್ನ ಕೋಟಿಗೇ ಬಂದು ಸೇರುತ್ತಿತ್ತು. ತಾಲ್ಲೂಕು ಕೋರ್ಟಿನಲ್ಲಿ ಒಮ್ಮೆ ಮ್ಯಾಜಿಸ್ಟ್ರೇಟರು ನನ್ನ ವಾದವನ್ನೆಲ್ಲ ಕೇಳಿ, "ವಕೀಲರೆ, ಇವತ್ತು ಹುರುಳಿ ಸಾರೋ?" ಎಂದಿದ್ದರು.

ಆ ಮೆಸ್ ನಡೆಸುತ್ತಿದ್ದವರು ಮೆಸ್ಸಮ್ಮ. ಹೆಸರಿಟ್ಟದ್ದು ಪೊಲೀಸರೇ. ಹಣೆ ತುಂಬ ವಿಭೂತಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಕೈಯಲ್ಲಿ ಸೌಟು. ಸ್ಟೇಷನ್ನಿನವರಿಗೂ, ಅವರು ಹಿಡಿದು ತಂದವರಿಗೂ ಊಟ ಇವರದೇ. ಲಾಕಪ್ಪಿನಲ್ಲಿದ್ದವರಿಗೆ ಡಬ್ಬಿಯಲ್ಲಿ ಕಳಿಸಿದರೆ ಸಾಕು ಎಂದು ಯಾರು ಹೇಳಿದರೂ ಕೇಳುತ್ತಿರಲಿಲ್ಲ. "ಡಬ್ಬೀಲಿ ಕಳ್ಸೋಕೆ ಅದೇನು ದನದ ಮೇವಾ?" ಎನ್ನುವರು. ತಾವೇ ಒಳಗೆ ಹೋಗಿ ಬಾಳೆ ಎಲೆ ಹಾಕಿ, ಬಡಿಸಿ, ಅವನು ಉಂಡೇಳುವವರೆಗೆ ಎದುರಿಗೇ ನಿಂತು, ಎಲೆಯನ್ನೂ ತಾವೇ ತೆಗೆದುಕೊಂಡು ಬರುತ್ತಿದ್ದರು. ಹೊತ್ತು ಹೊತ್ತಿಗೆ ಈ ಅಮ್ಮ ಬಂದು ಮುಖ ಮೋರೆ ನೋಡುತ್ತಾರೆ, ಕೆನ್ನೆ ಊದಿದ್ದರೆ ಇಡೀ ಪೇಟೆಗೆ ಕೇಳುವ ಹಾಗೆ ವಿಚಾರಿಸುತ್ತಾರೆ ಎಂಬುದು ಗೊತ್ತಿದ್ದರಿಂದ ಪೊಲೀಸರ ಕೈ ಸ್ವಲ್ಪ ಹಿಡಿತದಲ್ಲಿರುತ್ತಿತ್ತು. ಕಾಯಿದೆ ಕಾನೂನು ಅವರಿಗೆ ಗೊತ್ತಿರಲಿಲ್ಲ. ತಮ್ಮ ಅನ್ನ ಉಂಡವನ ಮೈಮೇಲೆ ಯಾರೂ ಕೈ ಮಾಡಬಾರದು, ಅವರ ಕಾನೂನು ಇಷ್ಟೇ.

ಹೀಗಿರುವಾಗ ಹೊಸ ಎಸ್‌ಐ ಒಬ್ಬರು ಬಂದರು. ಕಳಸದ ಕಡೆಯ ಒಂದು ಎಸ್ಟೇಟಿನ ಗೋದಾಮಿನಿಂದ ಒಣಗಿದ ಕಾಳುಮೆಣಸಿನ ಮೂಟೆಗಳು ಮಾಯವಾದವು ಎಂದು ಅಲ್ಲಿನ ಒಬ್ಬ ಆಳನ್ನು ಕರೆತಂದರು. ಎರಡು ದಿನ ಕಳೆದರೂ ಬಿಡಲಿಲ್ಲ, ಕೋರ್ಟಿಗೂ ಕರೆದುಕೊಂಡು ಹೋಗಲಿಲ್ಲ. ಲಾಕಪ್ಪಿನಲ್ಲಿ ನೋಡಿದರೆ ಅಲ್ಲೂ ಇಲ್ಲ. ಹಿಂದಿನ ಕೋಣೆಯಲ್ಲಿ ಇಟ್ಟಿದ್ದಾರೆ, ಕೂಗು ಕೇಳಿಸಿತು ಎಂದು ಅವನ ಹೆಂಡತಿ ನನ್ನ ಆಫೀಸಿನ ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ಕೋಟು ಕೊಡವಿಕೊಂಡು ರಸ್ತೆ ದಾಟಿದೆ.

"ನಮ್ಮ ಕಕ್ಷಿದಾರನ್ನ ನೋಡಬೇಕು ಸಾರ್."

"ಅರೆಸ್ಟೇ ಆಗಿಲ್ಲವಲ್ರೀ, ಅವನಿಗೆ ಲಾಯರು ಯಾಕೆ?" ಎಂದರು ಎಸ್‌ಐ.

"ಅರೆಸ್ಟ್ ಆಗಿಲ್ಲ ಅಂದ್ರೆ ಮನೆಗೆ ಕಳ್ಸಿ."

"ಮನೆಗೆ ಹೆಂಗ್ರೀ ಕಳ್ಸೋದು? ಅವನು ಕಳ್ಳ."

ಇಪ್ಪತ್ನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು ಎಂದು ಬಾಯಿಗೆ ಬಂದ ಕಲಮುಗಳನ್ನೆಲ್ಲ ಹೇಳಿದೆ. ಅವರು ಫ್ಯಾನಿನ ವೇಗ ಹೆಚ್ಚಿಸಿದರು. ಬಂದ ದಾರಿಗೆ ಸುಂಕವಿಲ್ಲ ಎಂದು ಹಿಂದಿರುಗಿ ಬಂದೆ. ಮೆಸ್ಸಮ್ಮ ಹಬೆಯಾಡುವ ಪಾತ್ರೆಯಿಂದ ಅಕ್ಕಿ ಕಡುಬು ತೆಗೆಯುತ್ತಿದ್ದರು. ಎಲ್ಲವನ್ನೂ ಕೇಳಿಸಿಕೊಂಡರು.

"ಎರಡು ದಿನದಿಂದ ಒಬ್ಬ ಒಳಗಿದ್ದಾನೆ, ನನಗೊಂದು ಮಾತು ಹೇಳಿಲ್ವಲ್ಲ ಅವ್ರು," ಎಂದರು. ಅವರ ಸಿಟ್ಟು ಮೊದಲು ಅದಕ್ಕೇ. ಆಮೇಲೆ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ಆ ಕೋಟು ಬಿಚ್ಚು ಮಾರಾಯ. ಸಾರಿನ ಬಕೆಟ್ ಹಿಡ್ಕೋ," ಎಂದರು.

ಕಡುಬಿನ ಬುಟ್ಟಿ ಅವರು, ಕಳಲೆ ಸಾರಿನ ಬಕೆಟ್ ನಾನು. ಅರೆಸ್ಟ್ ಆಗದವನಿಗೆ ಊಟ ಯಾಕೆ ಎಂದು ಎಸ್‌ಐ ಅಮ್ಮನನ್ನೂ ತಡೆದರು. "ಅರೆಸ್ಟ್ ಆಗದೋನಿಗೆ ಹಸಿವಾಗಲ್ವಾ ಸಾಹೇಬ್ರೆ?" ಎಂದರು ಅಮ್ಮ. ಎಸ್‌ಐ ನನ್ನನ್ನು ಗುರುತು ಹಿಡಿದು, "ಏನ್ರೀ, ವಕೀಲಿ ಬಿಟ್ರಾ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅಮ್ಮ, "ಬಡಿಸೋನು ರಜೆ. ನನಗೆ ಸೊಂಟ ನೋವು. ನೀವೇ ಬಕೆಟ್ ಹಿಡಿತೀರಾ ಹೇಳಿ," ಎಂದು, ಸಾಹೇಬರ ಮೇಜಿನ ಮೇಲೇ ಎಲೆ ಹಾಕಿ ಬಿಸಿ ಕಡುಬು, ಅದರ ಮೇಲೊಂದು ಮುದ್ದೆ ಬೆಣ್ಣೆ ಇಟ್ಟರು. ಸಾಹೇಬರ ಕೈ ಎಂಜಲಾಯಿತು. ನಾವು ಹಿಂದಿನ ಕೋಣೆಗೆ ನಡೆದೆವು.

ಅವನು ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ಅಮ್ಮ ಅವನ ಕಾಲನ್ನೇ ನೋಡಿದರು. ಎಲೆ ಹಾಕಿ, "ಇವ್ರು ನಿನ್ನ ಲಾಯರು. ಇವ್ರು ಕೇಳೋದು ಮುಗಿಯೋವರೆಗೂ ಉಣ್ತಾ ಇರು, ಸಾಕು ಅನ್ನಬೇಡ," ಎಂದು ಮೆಲ್ಲಗೆ ಹೇಳಿದರು.

ಅನುಭವಸ್ಥ ವಕೀಲನಾಗಿದ್ದರೆ ಮೊದಲ ತುತ್ತಿಗೇ ಮುಖ್ಯವಾದದ್ದನ್ನು ಕೇಳಿ ಮುಗಿಸುತ್ತಿದ್ದ. ನಾನು ಕಾಲೇಜಿನಲ್ಲಿ ಕಲಿಸಿದ ಕ್ರಮದಲ್ಲೇ ಹೋದೆ. ಹೆಸರು ಕೇಳಿದೆ, ಒಂದು ಕಡುಬು. ತಂದೆಯ ಹೆಸರು, ಎರಡು ಕಡುಬು, ಯಾಕೆಂದರೆ ಅವನ ತಂದೆಗೆ ಎರಡು ಹೆಸರಿತ್ತಂತೆ. ವಯಸ್ಸು, ಕಸುಬು, ಸ್ವಂತ ಊರು... ಹೊರಗಿನಿಂದ ಎಸ್‌ಐ, "ಇನ್ನೂ ಆಗ್ಲಿಲ್ವಾ?" ಎಂದು ಕೂಗಿದರು. "ಎಲೆ ಮುಂದೆ ಕೂತೋನ್ನ ಎಬ್ಬಿಸಬಾರದು ಸಾಹೇಬ್ರೆ, ಎಬ್ಬಿಸಿದೋರ ಮನೆಗೆ ಒಳ್ಳೇದಲ್ಲ. ನಿಮ್ಮನೇಲಿ ಬೇರೆ ಬಸುರಿ ಇದ್ದಾರೆ," ಎಂದರು ಅಮ್ಮ. ಸಾಹೇಬರು ಮತ್ತೆ ಸದ್ದೆತ್ತಲಿಲ್ಲ. ಅಮ್ಮನೂ ಸಮಯವಿದೆಯಲ್ಲ ಎಂದು ಧಾರಾಳವಾಗಿ ಬಡಿಸಿದರು.

ನಾನು "ಹೊಡೆದರೇ?" ಎಂಬ ಪ್ರಶ್ನೆಗೆ ಬರುವ ಹೊತ್ತಿಗೆ ಬುಟ್ಟಿ ಬರಿದಾಗುತ್ತ ಬಂದಿತ್ತು. ಅವನ ಕಣ್ಣು ಮೇಲೆ ಹೋಗಿತ್ತು. "ಅಂಗಾಲಿಗೆ ಹೊಡೆದ್ರು ಸ್ವಾಮಿ. ಬೆನ್ನಿಗೂ ಹೊಡೆದ್ರು. ನಾನು ಮೆಣಸು ಮುಟ್ಟಿಲ್ಲ. ಸಂಜೆಯೊಳಗೆ ಒಪ್ಕೊಳ್ಳದಿದ್ರೆ ಮತ್ತೆ ಅಂದವ್ರೆ," ಎಂದ. ನನಗೆ ನಿಜವಾಗಿ ಭಯವಾದದ್ದು ಆಗಲೇ. ಸಂಜೆಗೆ ಇನ್ನೆಷ್ಟು ಹೊತ್ತು ಉಳಿದಿತ್ತು... ವಕಾಲತ್ತಿಗೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡು ಕೋರ್ಟಿಗೆ ಬಸ್ಸು ಹಿಡಿಯಬೇಕೆಂದು ಓಡಿದೆ.

ಬಸ್ಸು ಬರುವ ಮೊದಲೇ ಸ್ಟೇಷನ್ನಿನ ಜೀಪು ನನ್ನ ಮುಂದೆ ಹಾದುಹೋಯಿತು. ಹಿಂದಿನ ಸೀಟಿನಲ್ಲಿ ನನ್ನ ಕಕ್ಷಿದಾರ ಹೊಟ್ಟೆ ಹಿಡಿದುಕೊಂಡು ಒದ್ದಾಡುತ್ತಿದ್ದ. ಪಕ್ಕದಲ್ಲಿ ಎಸ್‌ಐ, ಬೆಣ್ಣೆಯ ಕೈ ಇನ್ನೂ ತೊಳೆದಿರಲಿಲ್ಲ. ಎರಡು ದಿನ ಖಾಲಿಯಿದ್ದ ಹೊಟ್ಟೆಗೆ ಅಷ್ಟೊಂದು ಕಡುಬು ಬಿದ್ದರೆ ಇನ್ನೇನಾಗುತ್ತದೆ? ಅರೆಸ್ಟೇ ಆಗದವನು ಸ್ಟೇಷನ್ನಿನಲ್ಲಿ ಸತ್ತರೆ ಎಂಬ ಹೆದರಿಕೆಯಲ್ಲಿ ಸಾಹೇಬರೇ ಅವನನ್ನು ಸರ್ಕಾರಿ ಆಸ್ಪತ್ರೆಗೆ ಹೊತ್ತೊಯ್ದಿದ್ದರು. ನಾನು ಕೋರ್ಟನ್ನು ಬಿಟ್ಟು ಜೀಪಿನ ಹಿಂದೆ ಆಟೋ ಹಿಡಿದೆ.

ಅಲ್ಲಿನ ಡಾಕ್ಟರಮ್ಮ ಹೊಟ್ಟೆ ನೋಡಲು ಅಂಗಿ ಎತ್ತಿದರು. ಆಮೇಲೆ ಮಗ್ಗುಲಾಗಲು ಹೇಳಿದರು. ಆಮೇಲೆ ಅಂಗಾಲು ನೋಡಿದರು.

"ಕಡುಬು ಜಾಸ್ತಿ ತಿಂದಿದ್ದಾನೆ ಡಾಕ್ಟ್ರೆ, ಅಷ್ಟೇ," ಎಂದರು ಎಸ್‌ಐ.

"ಕಡುಬು ತಿಂದ್ರೆ ಬೆನ್ನ ಮೇಲೆ ಬಾಸುಂಡೆ ಬರುತ್ತೇನ್ರೀ?" ಎಂದು ಕೇಳಿ ಡಾಕ್ಟರಮ್ಮ ಅವರನ್ನು ಹೊರಗೆ ಕಳಿಸಿದರು. ಇದ್ದದ್ದನ್ನು ಇದ್ದ ಹಾಗೆ ಬರೆದು ಕೋರ್ಟಿಗೇ ಕಳಿಸಿದರು. ಆ ರಾತ್ರಿ ಅವನು ಮಲಗಿದ್ದು ಆಸ್ಪತ್ರೆಯ ಹಾಸಿಗೆಯಲ್ಲಿ, ಹೆಂಡತಿ ಪಕ್ಕದಲ್ಲಿ. ಮಾರನೆಯ ದಿನ ಮ್ಯಾಜಿಸ್ಟ್ರೇಟರು ಅವನನ್ನು ಬಿಡುಗಡೆ ಮಾಡಿ ಎಸ್‌ಐಗೆ ಬೆವರಿಳಿಸಿದರು. ಸ್ವಲ್ಪ ದಿನಕ್ಕೆ ಸಾಹೇಬರಿಗೆ ವರ್ಗವಾಯಿತು. ಮೆಣಸು ಕದ್ದವರು ಯಾರೆಂದು ಇವತ್ತಿಗೂ ಗೊತ್ತಿಲ್ಲ.

ನಾನು ಗೆದ್ದ ಹುಮ್ಮಸ್ಸಿನಲ್ಲಿ ಮೆಸ್ಸಿಗೆ ಬಂದರೆ ಮೆಸ್ಸಮ್ಮ ಮುಖ ಗಂಟು ಹಾಕಿಕೊಂಡಿದ್ದರು. ಹೊಟ್ಟೆನೋವಿಗೆ ಕಾರಣ ಕಡುಬು ಎಂದು ಡಾಕ್ಟರಮ್ಮ ಬರೆದದ್ದನ್ನು ಕೋರ್ಟಿನಲ್ಲಿ ಎಲ್ಲರ ಮುಂದೆ ಓದಿದ್ದು ಅವರ ಕಿವಿಗೆ ಬಿದ್ದಿತ್ತು. "ಇಷ್ಟು ವರ್ಷ ಒಲೆ ಹಚ್ಚಿದೀನಿ, ನನ್ನ ಕಡುಬಿಗೆ ಯಾರೂ ಒಂದು ಮಾತು ಅಂದಿರಲಿಲ್ಲ. ನೀನು ಜಡ್ಜಿ ಮುಂದೆ ಓದಿಸಿದೆ," ಎಂದರು. ಆ ಕಡುಬಿನಿಂದಲೇ ಅವನು ಉಳಿದ ಎಂದರೆ, "ಉಳಿದ ಅಂತ ಬರೆಸ್ಬೇಕಿತ್ತು," ಎಂದರು. ಮುಂದೆ ಎಷ್ಟೋ ವರ್ಷ, ನಾನು ಊಟಕ್ಕೆ ಕೂತಾಗಲೆಲ್ಲ, "ಲಾಯರಿಗೆ ಎರಡೇ ಹಾಕು, ಆಮೇಲೆ ಕೇಸ್ ಹಾಕ್ತಾರೆ," ಎಂದು ಒಳಗಿನಿಂದ ಕೂಗುತ್ತಿದ್ದರು. ನಾನು ಮೂರನೆಯದು ಕೇಳಿದರೆ ಮಾತ್ರ ಸ್ವತಃ ಬಂದು ಹಾಕುವರು.

ಅವರು ಹೋಗಿ ಮೂರು ಮಳೆಗಾಲ ಕಳೆಯಿತು. ಮೆಸ್ಸಿದ್ದ ಜಾಗದಲ್ಲಿ ಮೊಬೈಲ್ ಅಂಗಡಿ ಬಂದಿದೆ. ಸ್ಟೇಷನ್ನಿಗೆ ಹೊಸ ಕಟ್ಟಡವಾಗಿದೆ, ಮೂಲೆ ಮೂಲೆಗೆ ಕ್ಯಾಮೆರಾ, ಬಾಗಿಲಲ್ಲೇ ಬಂಧಿತರ ಹಕ್ಕುಗಳು ಎಂಬ ಬೋರ್ಡು. ಹೋದ ತಿಂಗಳು ಪಿಕಪ್ ಓಡಿಸುವ ಒಬ್ಬ ಹುಡುಗನನ್ನು ಅಲ್ಲಿಗೆ ತಂದಿದ್ದರು. ಈಗಿನ ಸಾಹೇಬರು ಬಲು ಮರ್ಯಾದಸ್ಥರು. ಕುರ್ಚಿ ಕೊಟ್ಟರು, ಕಾಫಿ ತರಿಸಿದರು, "ನಾಳೆ ಕೋರ್ಟಲ್ಲೇ ಸಿಗ್ತಾನಲ್ಲ ಸಾರ್," ಎಂದರು. ನಾನು ಅರ್ಜಿ ಬರೆದುಕೊಟ್ಟೆ, ಮೇಲಿನವರಿಗೆ ಫೋನ್ ಮಾಡಿದೆ, ಮೇಲ್ ಹಾಕಿದೆ. ಅಷ್ಟರಲ್ಲಿ ಯಾವುದೋ ಹೋಟೆಲಿನಿಂದ ಲಾಕಪ್ಪಿನವರಿಗೆಂದು ಊಟದ ಪಾರ್ಸಲ್ ಬಂತು. ಪೇದೆ ಬಾಗಿಲಲ್ಲೇ ಈಸಿಕೊಂಡ, ತಂದವನು ಬೈಕ್ ತಿರುಗಿಸಿಕೊಂಡು ಹೋದ. ಅಮ್ಮ ಸತ್ತಾಗ ಮಣ್ಣಿಗೆ ಹೋಗಿದ್ದೆ, ಅತ್ತಿದ್ದೆ. ಆದರೆ ಅವರು ಇನ್ನಿಲ್ಲ ಎನ್ನುವುದು ನನಗೆ ತಾಗಿದ್ದು ಆ ಬೈಕ್ ಹೋದಮೇಲೆ.

ಮಾರನೆಯ ದಿನ ಕೋರ್ಟಿನಲ್ಲಿ, ಪೊಲೀಸರಿಂದ ಏನಾದರೂ ತೊಂದರೆಯಾಯಿತೇ ಎಂದು ಮ್ಯಾಜಿಸ್ಟ್ರೇಟರು ಹುಡುಗನನ್ನು ಕೇಳಿದರು. ಅವನು ಪಕ್ಕದಲ್ಲಿದ್ದ ಪೇದೆಯ ಮುಖ ನೋಡಿ, ಇಲ್ಲ ಎಂದ. ಹೊರಗೆ ಬಂದಮೇಲೆ, ನಿನ್ನೆ ಊಟಕ್ಕೆ ಏನು ಕೊಟ್ಟರಪ್ಪ ಎಂದು ನಾನು ಕೇಳಿದೆ. ಊಟ ಬಂದಿತ್ತು ಎಂಬುದೇ ಅವನಿಗೆ ಗೊತ್ತಿರಲಿಲ್ಲ.